ಅರವಟ್ಟಿಗೆಯ ಅಳತೆ

ಪುಣೆಯ ಸಮೀಪದ ದೇಹೂ ರೋಡ್‌ನಲ್ಲಿ ಎರಡು ಬಗೆಯ ಶಿಸ್ತುಗಳು ನೆರೆಹೊರೆಯಾಗಿವೆ. ಒಂದು, ದಂಡುಪ್ರದೇಶದ್ದು: ಮದ್ದುಗುಂಡಿನ ಉಗ್ರಾಣದ ದ್ವಾರದಲ್ಲಿ ‘ನೀವು ಯಾರು?’ ಎಂಬುದೇ ಮೊದಲ ಪ್ರಶ್ನೆ. ಇನ್ನೊಂದು, ತುಕಾರಾಮರ ದೇಹೂವಿನಿಂದ ವರ್ಷವರ್ಷವೂ ಪಂಢರಪುರಕ್ಕೆ ನಡೆಯುವ ವಾರಕರಿಗಳಿಗೆ ನೀರು ಕೊಡುವವರದು. ಅಲ್ಲಿ ಯಾರೆಂದು ಕೇಳುವುದಿಲ್ಲ; ಆದರೆ ಒಬ್ಬನೇ ಹಂಡೆಯನ್ನು ಹೊತ್ತೊಯ್ಯಲು ಬಿಡುವುದೂ ಇಲ್ಲ. ಕನ್ನಡದ ಪುಸ್ತಕ, ನಿಘಂಟುಗಳನ್ನು ಅಂತರಜಾಲದಲ್ಲಿ ಇರಿಸುವವರು ಈ ಎರಡನ್ನು ಬೆರೆಸಬಾರದು ಎಂಬುದು ನನ್ನ ವಾದ.

ಒಂದು ತಾಣದ ಪುಟದಲ್ಲಿರುವ ಪ್ರೋಗ್ರಾಂ ಇನ್ನೊಂದು ತಾಣದ ಉತ್ತರವನ್ನು ಓದದಂತೆ ಬ್ರೌಸರು ತಡೆಯುತ್ತದೆ. ಆ ತಡೆಯನ್ನು ಸಡಿಲಿಸಲು ಸರ್ವರು ನೀಡುವ ಒಪ್ಪಿಗೆಯೇ ಕಾರ್ಸ್. 2014ರಲ್ಲಿ ಡಬ್ಲ್ಯು3ಸಿ ಅದನ್ನು ಶಿಫಾರಸಾಗಿ ಪ್ರಕಟಿಸಿತು. ಒಪ್ಪಿಗೆಯ ಸಾಲಿನಲ್ಲಿ ನಕ್ಷತ್ರಚಿಹ್ನೆ ಇಟ್ಟರೆ ಯಾವ ತಾಣದಿಂದಲಾದರೂ ಓದಬಹುದು. ಆದರೆ ಲಾಗಿನ್ ಗುರುತಿನೊಡನೆ ಕಳಿಸಿದ ಕೋರಿಕೆಗೆ ಈ ನಕ್ಷತ್ರವನ್ನು ಬ್ರೌಸರು ಒಪ್ಪುವುದಿಲ್ಲ. ಅಲ್ಲಿ ತಾಣದ ಹೆಸರನ್ನೇ ಹೇಳಬೇಕು. ಅಂದರೆ ಈ ಕಾವಲು ಓದುಗನ ಖಾಸಗಿತನಕ್ಕೆ ಹೊರತು ಸರ್ವರಿನ ಆಯಾಸಕ್ಕಲ್ಲ. ಬ್ರೌಸರಿಲ್ಲದೆ ಬರುವ ಯಂತ್ರ ಇದನ್ನು ಲೆಕ್ಕಿಸುವುದೇ ಇಲ್ಲ. ಸಾರ್ವಜನಿಕ ನಿಘಂಟಿಗೆ ಈ ಬಾಗಿಲು ಹಾಕಿದರೆ ಹೊರಗುಳಿಯುವವನು ಅದನ್ನು ಬಳಸಿ ಪದಬಂಧದ ಪುಟ ಕಟ್ಟಲು ಹೊರಟ ವಿದ್ಯಾರ್ಥಿ. ಯಂತ್ರ ಸಲೀಸಾಗಿ ಒಳಗೆ ನುಗ್ಗುತ್ತದೆ.

ನುಗ್ಗಿದರೆ ಏನಾಗುತ್ತದೆ? ಎಷ್ಟೋ ಹಳೆಯ ಕನ್ನಡ ಪುಸ್ತಕಗಳು ಇಂದು ಕೈಗೆ ಸಿಗುವುದು ಇಂಟರ್ನೆಟ್ ಆರ್ಕೈವ್‌ನಲ್ಲಿ. 2023ರ ಮೇ ತಿಂಗಳಲ್ಲಿ ಸೆಕೆಂಡಿಗೆ ಹತ್ತಾರು ಸಾವಿರ ಕೋರಿಕೆಗಳು ಅದರ ಪುಸ್ತಕಪಠ್ಯಗಳ ಮೇಲೆ ಮುಗಿಬಿದ್ದು, ತಾಣವೇ ಕೆಲಹೊತ್ತು ನಿಂತುಹೋಯಿತು. ಬಂದವರು ಯಾರೆಂಬುದಕ್ಕಿಂತ ಎಷ್ಟು ಕೇಳಿದರೆಂಬುದು ಅಲ್ಲಿ ಸಮಸ್ಯೆಯಾಗಿತ್ತು. ಅದಕ್ಕೆ ಮದ್ದು ಮಿತಿ: ಇಷ್ಟು ಹೊತ್ತಿಗೆ ಇಷ್ಟೇ ಕೋರಿಕೆ.

ಮಿತಿಯಲ್ಲೂ ಸೌಜನ್ಯ ಬೇಕು. ‘ಅತಿಯಾಗಿ ಕೇಳುತ್ತಿದ್ದೀರಿ’ ಎನ್ನಲು 2012ರಿಂದ 429 ಎಂಬ ಸಂಕೇತವಿದೆ. ಎಷ್ಟು ಹೊತ್ತು ಕಾಯಬೇಕೆಂದೂ ಅದರೊಡನೆ ಹೇಳಬಹುದು. ಎಂಜಿನ್‌ಎಕ್ಸ್ ಸರ್ವರು ಮಾತ್ರ, ನಾವು ಬದಲಿಸದಿದ್ದರೆ, ಮಿತಿ ಮೀರಿದವರಿಗೆ 503 ಎನ್ನುತ್ತದೆ. ಸೇವೆಯೇ ಲಭ್ಯವಿಲ್ಲವೆಂದು ಅದರ ಅರ್ಥ. ನೀರಿದ್ದೂ ಕೊಡ ಬರಿದೆಂದು ಹೇಳಿದ ಹಾಗಾಯಿತು.

ಮಿತಿಯಿಂದ ಬಡಪಾಯಿಗೂ ಪೆಟ್ಟು ಬೀಳುವುದಿಲ್ಲವೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಒಂದೇ ಹಾಸ್ಟೆಲಿನ ನೂರು ಮಂದಿ ಸರ್ವರಿಗೆ ಒಂದೇ ವಿಳಾಸವಾಗಿ ಕಾಣಬಹುದು. ಆದ್ದರಿಂದ ಮಿತಿ ಉದಾರವಾಗಿರಲಿ. ಹೆಚ್ಚು ಬೇಕಾದವರಿಗೆ ಕೇಳಿ ಪಡೆಯುವ ದಾರಿಯಿರಲಿ. ಎಲ್ಲವೂ ಬೇಕೆನ್ನುವವರಿಗೆ ವಿಕಿಪೀಡಿಯ ಮಾಡುವಂತೆ ಇಡೀ ಸಂಗ್ರಹವನ್ನು ಒಂದೇ ಕಡತವಾಗಿ ಬೇರೆ ಕಡೆ ಇಡಬಹುದು.

ಖಾಸಗಿ ಮಾಹಿತಿಗೆ ದಂಡಿನ ದ್ವಾರವೇ ಸರಿ. ಆದರೆ ನುಡಿ ಎಲ್ಲರ ಸೊತ್ತು. ಅದಕ್ಕೆ ಅರವಟ್ಟಿಗೆಯ ನ್ಯಾಯವೇ ತಕ್ಕುದು. ಬೊಗಸೆ ಒಡ್ಡಿದವರ ಹೆಸರು ಕೇಳದಿರೋಣ, ಬೊಗಸೆಯ ಅಳತೆ ಮಾತ್ರ ಮರೆಯದಿರೋಣ.