ಬೆನ್ನ ಹಿಂದಿನ ಕಣ್ಣು ಕುರುಡಾದರೆ?

ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹಿಂದಕ್ಕೆ ಬರುವಾಗ ಕಂಡಕ್ಟರ್ ಕೆಳಗಿಳಿದು ಸೀಟಿ ಊದುತ್ತಾರೆ. ಲಾರಿಗಾದರೆ ಕ್ಲೀನರ್ ಇದ್ದಾನೆ: 'ಬರ್ಲಿ, ಬರ್ಲಿ... ಹೋಲ್ಡಾನ್!' ಕಾರಿನವರಿಗೆ ಆ ಭಾಗ್ಯವಿಲ್ಲ. ಅವರ ಕ್ಲೀನರ್ ಅಂದರೆ ಹಿಂದೆ ಕೂತ ಗುಂಡಿಯಷ್ಟು ಕ್ಯಾಮೆರಾ. ರಿವರ್ಸ್ ಗೇರ್ ಹಾಕಿದರೆ ಹಿಂದಿನದೆಲ್ಲ ಮುಂದಿನ ಪರದೆಯಲ್ಲಿ ಕಾಣುತ್ತೆ. ಆ ಪರದೆಯೇ ಕಪ್ಪಾದರೆ ಗತಿಯೇನು?

ಇದು ಬರೀ ಶೋಕಿಯ ಮಾತಲ್ಲ. 2002ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ತಂದೆಯೊಬ್ಬ ಮನೆ ಮುಂದೆ ಕಾರನ್ನು ಹಿಂದಕ್ಕೆ ತೆಗೆದ. ಎರಡು ವರ್ಷದ ಸ್ವಂತ ಮಗ ಹಿಂದೆ ಇದ್ದದ್ದು ಕಾಣಲಿಲ್ಲ. ಮಗು ಉಳಿಯಲಿಲ್ಲ. ಆ ಮಗುವಿನ ಹೆಸರಲ್ಲೇ 2008ರಲ್ಲಿ ಕಾನೂನು ಬಂತು. 2018ರ ಮೇ ತಿಂಗಳಿಂದ ಅಲ್ಲಿ ಹೊಸ ಕಾರುಗಳಿಗೆಲ್ಲ ಹಿಂಬದಿ ಕ್ಯಾಮೆರಾ ಕಡ್ಡಾಯವಾಯಿತು. ರಿವರ್ಸ್ ಹಾಕಿದ 2 ಸೆಕೆಂಡಿನೊಳಗೆ ಚಿತ್ರ ಮೂಡಲೇಬೇಕು.

ಕಾನೂನೇನೋ ಬಂತು, ಕ್ಯಾಮೆರಾ ಕೈಕೊಟ್ಟಿತು. 2020ರಲ್ಲಿ ಫೋರ್ಡ್ ಕಂಪನಿ ಅಲ್ಲಿ 6 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ರಿಪೇರಿಗೆ ವಾಪಸು ಕರೆಯಿತು. ಕರೆದದ್ದು ಸರಿ, ತಡಮಾಡಿದ್ದು ತಪ್ಪು ಅಂತ ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆ ಪಟ್ಟು ಹಿಡಿಯಿತು. 2024ರ ನವೆಂಬರಿನಲ್ಲಿ ಗೊತ್ತಾದ ದಂಡ 16.5 ಕೋಟಿ ಡಾಲರ್!

ಇಷ್ಟು ಬಿಗಿ ಯಾಕೆ? ಕ್ಯಾಮೆರಾ ಇಲ್ಲದವನು ಕತ್ತು ಹೊರಳಿಸಿ ನೋಡ್ತಾನೆ. ಇದ್ದವನು ಪರದೆಯನ್ನೇ ನಂಬಿ ಕೂರ್ತಾನೆ. ಚಿತ್ರ ತಡವಾಗಿ ಬಂದರೆ, ಇಲ್ಲವೇ ಹಾಗೇ ನಿಂತುಬಿಟ್ಟರೆ, ಆ ನಂಬಿಕೆಯೇ ಅಪಾಯ.

ನಮ್ಮಲ್ಲಿ 2019ರ ಜುಲೈಯಿಂದ ಹೊಸ ಕಾರುಗಳಿಗೆ ಕಡ್ಡಾಯವಾದದ್ದು 'ಬೀಪ್ ಬೀಪ್' ಅನ್ನೋ ಸೆನ್ಸರ್, ಕ್ಯಾಮೆರಾ ಅಲ್ಲ. ಆದರೂ ಕ್ಯಾಮೆರಾ ಕಾರುಗಳು ಪೇಟೆ ಬೀದಿಗೂ ಬಂದಿವೆ. ದೋಷವಿರುವ ವಾಹನವನ್ನು ವಾಪಸು ಕರೆಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಸಿಕ್ಕಿದ್ದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಿಂದ. ನಿಯಮ ಜಾರಿಯಾದದ್ದು 2021ರ ಏಪ್ರಿಲ್ 1ರಿಂದ. ಏಳು ವರ್ಷದೊಳಗಿನ ಗಾಡಿಗೆ ಇದು ಅನ್ವಯ. ಆದರೆ ಇಲ್ಲಿ ಮುಖ್ಯವಾಗಿ ಎಣಿಸೋದು ಮಾಲೀಕರು ಕೊಟ್ಟ ದೂರುಗಳನ್ನ. 'ಹೋಗ್ಲಿ ಬಿಡಿ, ವೈರ್ ಲೂಸಾಗಿರ್ಬೇಕು' ಅಂತ ಮೂಲೆ ಗ್ಯಾರೇಜಿನಲ್ಲಿ ಸರಿಮಾಡಿಸಿಕೊಂಡರೆ ಆ ದೂರು ಲೆಕ್ಕಕ್ಕೇ ಬರೋದಿಲ್ಲ.

ಇನ್ನೊಂದು ತೊಡಕು ಸೆಕೆಂಡ್ ಹ್ಯಾಂಡ್ ಗಾಡಿಯದು. ಆರ್‌ಸಿ ಹಳೇ ಮಾಲೀಕನ ಹೆಸರಲ್ಲೇ ಇದ್ದರೆ ಕಂಪನಿಯ ಕಾಗದ ಅವನ ಮನೆಗೆ ಹೋಗುತ್ತೆ. ಗಾಡಿ ಓಡಿಸೋನಿಗೆ ಸುದ್ದಿಯೇ ಇರೋದಿಲ್ಲ. ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ಚಾಸಿ ನಂಬರ್ ಕೊಟ್ಟು ಕೇಳಿದರೆ ವಾಪಸಾತಿ ಇದೆಯೋ ಇಲ್ಲವೋ ಗೊತ್ತಾಗುತ್ತೆ. ಆದರೆ ಅಂಗಡಿಯಲ್ಲಿ ಆಮೇಲೆ ಕೂರಿಸಿದ ಕ್ಯಾಮೆರಾಕ್ಕೆ ಕಾರು ಕಂಪನಿ ಜವಾಬ್ದಾರಿಯಲ್ಲ. ಬಿಲ್ಲು ಇದ್ದರೆ ಆ ಅಂಗಡಿಯವನನ್ನೇ ಕೇಳಬೇಕು.

ಪರದೆ ಕಪ್ಪಾದ ದಿನವೇ ದೂರು ಬರೆಸಿ, ನಕಲು ಇಟ್ಟುಕೊಳ್ಳಿ. ಸರಿಯಾಗುವವರೆಗೆ ಮನೆಯವರೊಬ್ಬರನ್ನ ಪಕ್ಕಕ್ಕೆ ನಿಲ್ಲಿಸಿ 'ಹೋಲ್ಡಾನ್' ಅನ್ನಿಸಿಕೊಂಡರೆ ಯಾರ ಮರ್ಯಾದೆಯೂ ಹೋಗೋದಿಲ್ಲ. ಹಿಂದೆ ಆಡ್ತಿರೋದು ಯಾರ ಮನೆಯ ಮಗುವೋ!