ಮಜ್ಜಿಗೆ ಕುಡಿದ್ರೆ ಇಳಿಯಲ್ಲ, ಕೀ ಇಸ್ಕೊಳ್ಳಿ

ಶನಿವಾರ ಬಂತು ಅಂದ್ರೆ ನಮ್ಮ ಕೊಡ್ಲಿಪೇಟೆ ರೋಡಲ್ಲಿ ಕಪ್ಪು ಬೋರ್ಡಿಗೆ ಹಳದಿ ಅಕ್ಷರದ ಕಾರುಗಳು ಒಂದರ ಹಿಂದೊಂದು ಬರ್ತವೆ. ಹಂಗಿದ್ರೆ ಬಾಡಿಗೆಗೆ ತಗೊಂಡು ತಾವೇ ಓಡಿಸೋ ಗಾಡಿ ಅಂತ ತಿಳ್ಕೊಳ್ಳಿ. ಟ್ಯಾಕ್ಸಿದಾದ್ರೆ ಹಳದಿ ಬೋರ್ಡು, ಕಪ್ಪು ಅಕ್ಷರ. ಹಾಸನದ ಕಡೆಯಿಂದ ಬಂದು, ಶನಿವಾರಸಂತೆ, ಸೋಮವಾರಪೇಟೆ ದಾಟಿ ಮಲ್ಲಳ್ಳಿಗೋ ಮಡಿಕೇರಿಗೋ ಹೋಗ್ತಾರೆ. ಬರ್ಲಿ, ಬೇಡ ಅನ್ನಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಕ್ಕಳ ಫೀಸು ಹೋಂಸ್ಟೇ ದುಡ್ಡಲ್ಲೇ ಕಟ್ಟೋದು. ಆದ್ರೆ ಕುಡಿದು ಓಡಿಸೋರ ವಿಷ್ಯದಲ್ಲಿ ನಾವು ಹೆಂಗಸರು ಬಾಯಿ ಮುಚ್ಕೊಂಡಿರೋದು ನಂಗೆ ಸರಿ ಕಾಣಲ್ಲ.

ಬಾಡಿಗೆ ಕಾರಿನ ಕಥೆ ನೋಡಿ. ಗಾಡಿ ಹೊಸದು, ಬ್ರೇಕು ಕ್ಲಚ್ಚು ಕಾಲಿಗೆ ಪಳಗಿರಲ್ಲ. ರಸ್ತೆ ಹೊಸದು, ಯಾವ ತಿರುವಲ್ಲಿ ಎಮ್ಮೆ ನಿಂತಿರುತ್ತೆ ಗೊತ್ತಿರಲ್ಲ. ಮೇಲಿಂದ ಮಂಜು. ಇಷ್ಟರ ಮೇಲೆ ಹೊಟ್ಟೇಲಿ ನಾಲ್ಕು ಪೆಗ್ ಇದ್ರೆ ಕೇಳ್ಬೇಕಾ? ಕಾಫಿ ಕೊಯ್ಲಿನ ಟೈಮಲ್ಲೇ ಟೂರಿಸ್ಟ್ ಜಾಸ್ತಿ. ಬೆಳಿಗ್ಗೆ ಏಳಕ್ಕೆ ಬುತ್ತಿ ಹಿಡ್ಕೊಂಡು ತೋಟಕ್ಕೆ ನಡೆಯೋ ನಮ್ಮ ಹೆಂಗಸರಿಗೆ ಆ ರೋಡಲ್ಲಿ ಫುಟ್‌ಪಾತ್ ಅನ್ನೋದೇ ಇಲ್ಲ.

ಕಾನೂನು ಏನು ಹೇಳುತ್ತೆ ಅಂತ ತಿಳ್ಕೊಂಡಿರಿ, ಮಾತಾಡೋಕೆ ಧೈರ್ಯ ಬರುತ್ತೆ. ಮೋಟಾರು ವಾಹನ ಕಾಯ್ದೆ 185ನೇ ಸೆಕ್ಷನ್ ಪ್ರಕಾರ 100 ಮಿಲೀ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ರೆ ಅಪರಾಧ. 2019ರ ತಿದ್ದುಪಡಿ ಆದ್ಮೇಲೆ ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಇಲ್ಲಾ ಆರು ತಿಂಗಳ ತನಕ ಜೈಲು, ಇಲ್ಲಾ ಎರಡೂ. ಎರಡನೇ ಸಲಕ್ಕೆ 15,000, ಎರಡು ವರ್ಷ. ಸ್ವಂತ ಗಾಡಿ ಆಗ್ಲಿ, ಬಾಡಿಗೆದಾಗ್ಲಿ, ಊರೋರಾಗ್ಲಿ, ಬೆಂಗಳೂರೋರಾಗ್ಲಿ, ಎಲ್ರಿಗೂ ಒಂದೇ. ಕುಡಿದು ಗುದ್ದಿದ್ರೆ ಗಾಡಿ ರಿಪೇರಿಗೆ ಇನ್ಶೂರೆನ್ಸ್ ದುಡ್ಡೂ ಸಿಗಲ್ಲ.

ಈಗ ನಮ್ಮ ಅಡುಗೆಮನೆ ವಿಷ್ಯಕ್ಕೆ ಬರ್ತೀನಿ. ರಾತ್ರಿಯೆಲ್ಲ ಕುಡಿದು, ಬೆಳಿಗ್ಗೆ ಎದ್ದು, “ಆಂಟಿ, ಒಂದು ಲೋಟ ಮಜ್ಜಿಗೆ ಕೊಡಿ, ಇಳ್ಕೊಳ್ಳುತ್ತೆ” ಅಂತಾರೆ. ಇಲ್ಲಾ ನಿಂಬೆಹಣ್ಣಿನ ಶರಬತ್ತು, ಇಲ್ಲಾ ಹಾಲಿಲ್ದ ಕಾಫಿ. ನಾವೂ ಪಾಪ ಅಂತ ಕೊಡ್ತೀವಿ. ಕೊಡಿ, ಬಾಯಾರಿಕೆ ಹೋಗುತ್ತೆ. ಆದ್ರೆ ರಕ್ತದಲ್ಲಿರೋದು ಒಂದು ಹನೀನೂ ಕಮ್ಮಿ ಆಗಲ್ಲ. ಅದನ್ನ ಇಳಿಸೋದು ಲಿವರ್ರು, ಅದು ತನ್ನ ಪಾಡಿಗೆ ನಿಧಾನಕ್ಕೆ ಮಾಡುತ್ತೆ. ಅದಕ್ಕೆ ಅವಸರ ಹೇಳೋಕಾಗಲ್ಲ.

ಲೆಕ್ಕ ಹಾಕಿ ನೋಡಿ. 70 ಕೆಜಿ ಗಂಡಸು ಒಂದು ಸಣ್ಣ ಪೆಗ್, ಅಂದ್ರೆ 30 ಮಿಲೀ ವಿಸ್ಕಿ ಕುಡಿದ್ರೆ ಹೆಚ್ಚುಕಮ್ಮಿ 20 ಮಿಲಿಗ್ರಾಂ ಏರುತ್ತೆ. ಗಂಟೆಗೆ 15ರಷ್ಟು ಇಳಿಯುತ್ತೆ. ರಾತ್ರಿ ಎಂಟಕ್ಕೆ ಶುರು ಮಾಡಿ ಒಂದು ಗಂಟೆ ತನಕ ಐದು ದೊಡ್ಡ ಪೆಗ್ ಹಾಕಿದೋನು ಬೆಳಿಗ್ಗೆ ಆರಕ್ಕೆ ಸೂರ್ಯೋದಯ ನೋಡೋಕೆ ಅಂತ ಕಾರು ಹತ್ತಿದ್ರೆ, ಅವನ ರಕ್ತದಲ್ಲಿ ಇನ್ನೂ ಹೆಚ್ಚುಕಮ್ಮಿ 50 ಇರುತ್ತೆ. ಸ್ನಾನ ಮಾಡಿ ಕ್ರಾಪ್ ಬಾಚ್ಕೊಂಡು ಬಂದಿರ್ತಾನೆ, ನೋಡಿದ್ರೆ ಗೊತ್ತೇ ಆಗಲ್ಲ. ನಂಗೆ ಹೆದರಿಕೆ ರಾತ್ರಿ ತೂರಾಡೋನಿಗಿಂತ ಇವನದೇ.

ಅದಕ್ಕೇ ನಾನು ಹೇಳೋದು, ಹೋಂಸ್ಟೇ ಇಟ್ಟಿರೋ ಅಕ್ಕಂದಿರು ಬಂದ ದಿನಾನೇ ನಗ್ನಗ್ತಾ ಹೇಳ್ಬಿಡಿ: ಕುಡಿಯೋದಾದ್ರೆ ಕೀ ನಮ್ಮ ಹತ್ರ, ಬೆಳಿಗ್ಗೆ ತಿಂಡಿ ಆದ್ಮೇಲೆ ವಾಪಸ್. ಬೇಗ ಹೋಗ್ಲೇಬೇಕಾ, ಊರ ಜೀಪ್ ಡ್ರೈವರಿಗೆ ಫೋನ್ ಮಾಡ್ಕೊಡಿ, ಅವನಿಗೂ ನಾಲ್ಕು ಕಾಸಾಗುತ್ತೆ. ಲೈಸೆನ್ಸ್ ಇಲ್ದೆ ಬಾಟ್ಲಿ ತಂದು ಮಾರೋದಂತೂ ಬೇಡವೇ ಬೇಡ, ಅಬಕಾರಿ ಕೇಸಾಗುತ್ತೆ. ಮಾತು ಕೇಳ್ದೆ ಹೊರಟ್ರೆ 112ಕ್ಕೆ ಫೋನ್ ಮಾಡಿ.

ಗೆಸ್ಟು ಮುನಿಸ್ಕೊಂಡು ಕೆಟ್ಟ ರಿವ್ಯೂ ಬರೀತಾರೆ ಅಂತೀರಾ? ಬರೀಬಹುದು. ಆ ನಷ್ಟ ಸಣ್ಣದಲ್ಲ, ಒಪ್ತೀನಿ. ಆದ್ರೆ ಹೆಂಡ್ತಿ ಮಕ್ಕಳು ಕಟ್ಕೊಂಡು ಬರೋರಿಗೆ ಇಂಥ ಮನೆ ಇಷ್ಟ ಆಗುತ್ತೆ ಅಂತಾನೇ ನನ್ನ ಅನಿಸಿಕೆ.

ಇನ್ನೊಂದು ಮಾತು. ಟೂರಿಸ್ಟನ್ನ ಬಯ್ಯೋದು ಸಲೀಸು. ಮದುವೆ ಮನೆಯಿಂದ ಬೈಕ್ ಹತ್ತೋ ನಮ್ಮ ಭಾವಂದಿರು, ಮೈದುನಂದಿರು? ಅವರ ಕೀನೂ ಇಸ್ಕೊಳ್ಳಬೇಕು. ನಮ್ಮ ಮಕ್ಕಳೂ ಹನಿಮೂನು ಅಂತ ಅಂಡಮಾನ್‌ಗೆ, ಫುಕೆಟ್‌ಗೆ ಹೋಗಿ ಸ್ಕೂಟರ್ ಬಾಡಿಗೆಗೆ ಹಿಡೀತಾರೆ. ಅಂಡಮಾನಲ್ಲಿ ನಮ್ಮದೇ ಕಾನೂನು, ಅದೇ 30. ಥಾಯ್ಲೆಂಡಲ್ಲಿ 50. ನಂಬರ್ ಬೇರೆ ಆದ್ರೂ ಅಲ್ಲೂ ರೋಡ್ ಪಕ್ಕ ಯಾರದೋ ಅಮ್ಮ ಸೊಪ್ಪಿನ ಕಟ್ಟು ಹೊತ್ಕೊಂಡು ನಡೀತಿರ್ತಾಳೆ. ಟಿಕೆಟ್ ಬುಕ್ ಮಾಡೋವಾಗ್ಲೇ ಮಗನ ಕಿವಿಗೆ ಇದನ್ನ ಹಾಕಿಡಿ.

ನಿಮ್ಮ ಮನೇಲಿ ಏನು ನಿಯಮ ಮಾಡ್ಕೊಂಡಿದೀರಿ, ಸಂತೇಲಿ ಸಿಕ್ಕಾಗ ಹೇಳಿ.