ಮನೆಮದ್ದಿನ ಮೂಲೆ: ಉಳುಕಿದ ಕಾಲಿಗೆ ಪಟ್ಟಿ

ಬೇಸಿಗೆ ಬಂತೆಂದರೆ ಮಕ್ಕಳಿಗೆ ಸಾಕರ್, ದೊಡ್ಡವರಿಗೆ ವಾಲಿಬಾಲ್. ಅದರ ಬೆನ್ನಿಗೇ ಉಳುಕಿದ ಕಾಲು! ಪಾದ ಒಳಕ್ಕೆ ಮಡಚಿಕೊಂಡಾಗ ಹರಡಿನ ಹೊರಬದಿಯಲ್ಲಿ ಮೂಳೆಗಳನ್ನು ಬಿಗಿದಿರುವ ನಾರು ಜಗ್ಗುತ್ತದೆ, ಕೆಲವೊಮ್ಮೆ ಹರಿಯುತ್ತದೆ. "ಟೇಪ್ ಸುತ್ತಿಬಿಡಮ್ಮ, ಶನಿವಾರ ಮ್ಯಾಚಿದೆ" ಎಂದು ನಮ್ಮ ಮಗನೂ ಹಠ ಹಿಡಿದಿದ್ದ. ಎರಡೇ ವಾರಕ್ಕೆ ಸುತ್ತಿ ಕಳಿಸಿದೆ. ಅದೇ ಕಾಲು ಮತ್ತೆ ಉಳುಕಿ, ಉಳಿದ ಬೇಸಿಗೆಯೆಲ್ಲ ಅವನು ಬೆಂಚಿನ ಮೇಲೆ ಕಳೆದ. ಆದ್ದರಿಂದ ಈ ನಾಲ್ಕು ಮಾತು.

ಮೊದಲು ಮೂಳೆ ಮುರಿದಿದೆಯೇ ನೋಡಬೇಕು. ಇದಕ್ಕೆ 1992ರಲ್ಲಿ ಇಲ್ಲಿಯ ಒಟ್ಟಾವಾ ನಗರದ ವೈದ್ಯರು ಸರಳ ನಿಯಮವೊಂದನ್ನು ಪ್ರಕಟಿಸಿದರು. ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಹರಡಿನ ಗುಬುಟುಗಳ ಹಿಂಬದಿಯನ್ನೋ ತುದಿಯನ್ನೋ, ಪಾದದ ನಡುಭಾಗದ ಮೂಳೆಗಳನ್ನೋ ಒತ್ತಿದಾಗ ನೋವಾದರೆ, ಎಕ್ಸ್-ರೇ ತೆಗೆಸಬೇಕು. ಚಿಕ್ಕ ಮಕ್ಕಳಾದರೆ ನೇರವಾಗಿ ಡಾಕ್ಟರಿಗೇ ತೋರಿಸಿ.

ಮೊದಲ ಎರಡು ಮೂರು ದಿನ ಬಾವು ಏರುತ್ತಿರುತ್ತದೆ. ಆಗ ಹಿಗ್ಗದ ಟೇಪ್ ಬೇಡ. ಕ್ರೇಪ್ ಬ್ಯಾಂಡೇಜ್ ಸುತ್ತಿ, ಕಾಲನ್ನು ದಿಂಬಿನ ಮೇಲಿಡಿ. ಬಾವು ಇಳಿದ ಮೇಲೆ 38 ಮಿಲಿಮೀಟರ್ ಅಗಲದ ಬಿಳಿ ಝಿಂಕ್ ಆಕ್ಸೈಡ್ ಟೇಪ್ ತನ್ನಿ.

ಕಾಲು ತೊಳೆದು ಚೆನ್ನಾಗಿ ಒರೆಸಿ. ಗಾಯವಿದ್ದರೆ, ಅಂಟಿನಿಂದ ತುರಿಕೆಯಾಗುವುದಾದರೆ ಟೇಪ್ ಹಾಕಬೇಡಿ. ಪಾದವನ್ನು ಕಾಲಿಗೆ ನೇರ ಮೂಲೆಯಲ್ಲಿ ಹಿಡಿದು, ಹರಡಿನಿಂದ ನಾಲ್ಕು ಬೆರಳು ಮೇಲೆ ಒಂದು ಸುತ್ತು ಹಾಕಿ. ಅದರ ಒಳಬದಿಯಿಂದ ಪಟ್ಟಿಯನ್ನು ಇಳಿಸಿ, ಹಿಮ್ಮಡಿಯ ಕೆಳಗೆ ಹಾಯಿಸಿ, ಹೊರಬದಿಗೆ ಮೇಲೆಳೆದು ಅಂಟಿಸಿ. ಹೀಗೆ ಮೂರು ಪಟ್ಟಿ, ಒಂದರ ಮೇಲೊಂದು ಅರ್ಧರ್ಧ ಬರುವಂತೆ. ಕೊನೆಗೆ ಮೇಲೆ ಇನ್ನೊಂದು ಸುತ್ತು. ಹೆಬ್ಬೆರಳ ಉಗುರನ್ನು ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಕೆಂಪು ಮರಳಬೇಕು. ಬೆರಳು ಜೋಮು ಹಿಡಿದರೆ, ನೀಲಿಗಟ್ಟಿದರೆ ತಕ್ಷಣ ಬಿಚ್ಚಿ. ಟಿ.ವಿ.ಯಲ್ಲಿ ಆಟಗಾರರ ಮೈಮೇಲೆ ಕಾಣುವ ಬಣ್ಣದ ಟೇಪು ಹಿಗ್ಗುವಂಥದು. ಅದು ಕೀಲನ್ನು ಹೀಗೆ ಬಿಗಿಹಿಡಿಯುವುದಿಲ್ಲ.

ಇಷ್ಟು ಮಾಡಿದರೂ, ಅರ್ಧ ಗಂಟೆ ಓಡಿದರೆ ಟೇಪ್ ಸಡಿಲವಾಗತೊಡಗುತ್ತದೆ. ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕದಂತೆ ಅದು ನೆರವಾಗುತ್ತದೆಯೇ ಹೊರತು ನಾರನ್ನು ಬೆಸೆಯುವುದಿಲ್ಲ. ಕಾಲು ತನ್ನ ಸಮತೋಲವನ್ನು ತಾನೇ ಮತ್ತೆ ಕಲಿಯಬೇಕು. ದಿನವೂ ಹಲ್ಲುಜ್ಜುವಾಗ ಗೋಡೆಯ ಪಕ್ಕದಲ್ಲಿ ಒಂಟಿಕಾಲಿನಲ್ಲಿ ನಿಲ್ಲಿಸಿ. ಟೇಪಿಲ್ಲದೆ ಕುಂಟೆಬಿಲ್ಲೆಯಂತೆ ಹತ್ತು ಸಲ ನೋವಿಲ್ಲದೆ ಕುಂಟಲಿ, ಅಂಕುಡೊಂಕಾಗಿ ಓಡಲಿ. ಆಮೇಲೆ ಟೇಪ್ ಸುತ್ತಿ ಮ್ಯಾಚಿಗೆ ಕಳಿಸಿ. ಒಂದು ಶನಿವಾರ ಹೋದರೆ ಹೋಗಲಿ, ಕಾಲು ಉಳಿಯಲಿ.